ಮುಳ್ಳಿನಿಂದ ಮುಳ್ಳು: ಬ್ಯಾಕ್ಟೀರಿಯಾಭಕ್ಷಕಗಳೂ ದೇಹದ ರಕ್ಷಣಾಶಕ್ತಿಯೂ

ಕಾಲಿಗೆ ನೆಟ್ಟ ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಮಾತನ್ನು ಎರೆಹೊಲದಲ್ಲಿ ನಡೆದಾಡುವ ನಮ್ಮ ರೈತನಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಆದರೆ ಆ ಗಾದೆ ಹೇಳದೆ ಬಿಟ್ಟ ಮಾತೊಂದುಂಟು. ಮುಳ್ಳು ಹೊರಬಂದ ಮೇಲೆ ಉಳಿದ ಗಾಯವನ್ನು ಮಾಯಿಸುವುದು ಎರಡನೆಯ ಮುಳ್ಳಲ್ಲ, ನಮ್ಮ ದೇಹವೇ. ರೋಗಾಣುಗಳ ಲೋಕದಲ್ಲಿಯೂ ಇಂತಹದೇ ಒಂದು ಎರಡನೆಯ ಮುಳ್ಳು ಇದೆ. ಮನುಷ್ಯನನ್ನು ಕಾಡುವ ಬ್ಯಾಕ್ಟೀರಿಯಾಗಳನ್ನೇ ಕಾಡುವ, ಅವುಗಳಿಗಿಂತಲೂ ಅತಿ ಸೂಕ್ಷ್ಮವಾದ ವೈರಸ್ ವರ್ಗಕ್ಕೆ ವಿಜ್ಞಾನಿಗಳು ಬ್ಯಾಕ್ಟೀರಿಯೋಫೇಜ್, ಎಂದರೆ ಬ್ಯಾಕ್ಟೀರಿಯಾಭಕ್ಷಕ, ಎಂದು ಹೆಸರಿಟ್ಟಿದ್ದಾರೆ. ಸಂಕ್ಷೇಪವಾಗಿ ಇದನ್ನು ಫೇಜ್ ಎನ್ನುವುದು ವಾಡಿಕೆ.

ಪ್ರತಿಜೈವಿಕ ಔಷಧಗಳು ಒಂದೊಂದಾಗಿ ಸತ್ತ್ವಗುಂದುತ್ತಿರುವ ಈ ಕಾಲದಲ್ಲಿ ಫೇಜುಗಳ ಕುರಿತು ಆಸೆಯ ಮಾತುಗಳು ಹೆಚ್ಚು ಹೆಚ್ಚಾಗಿ ಕೇಳಿಬರುತ್ತಿವೆ. ಆ ಆಸೆಯಲ್ಲಿ ನಿಜವೆಷ್ಟು, ಅತಿಶಯವೆಷ್ಟು ಎಂಬುದನ್ನು ತಿಳಿಯಬೇಕಾದರೆ ಫೇಜ್, ಬ್ಯಾಕ್ಟೀರಿಯಾ ಮತ್ತು ಮಾನವದೇಹ ಈ ಮೂರರ ಸಂಬಂಧವನ್ನು ಒಟ್ಟಾಗಿ ನೋಡಬೇಕಾಗುತ್ತದೆ. ಅಧ್ಯಾಪಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಉಪಯೋಗವಾಗುವಂತೆ ಆ ಸಂಬಂಧವನ್ನು ಸರಳವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ನಮ್ಮ ಸೀಮೆಯ ಹಿನ್ನೆಲೆ

ನವಲಗುಂದ, ಅಣ್ಣಿಗೇರಿಗಳ ಕರಿಮಣ್ಣಿನ ಬಯಲಿನಲ್ಲಿ ಬಾವಿ ತೋಡಿದರೆ ಸವಳು ನೀರು ಬರುವುದೇ ಹೆಚ್ಚು. ಆದ್ದರಿಂದ ಇಲ್ಲಿಯ ಜನ ತಲೆತಲಾಂತರದಿಂದ ಕೆರೆಯ ನೀರನ್ನೇ ನಂಬಿ ಬದುಕಿದವರು. ಕುಂದಗೋಳದ ಬಯಲಿಗೂ ಕಲಘಟಗಿಯ ಮಲೆನಾಡ ಸೆರಗಿಗೂ ಮಳೆಯಲ್ಲಿ ಭೇದವಿದ್ದರೂ ಕೆರೆಯ ಮೇಲಿನ ಅವಲಂಬನೆಯಲ್ಲಿ ಭೇದ ಅಷ್ಟಿರಲಿಲ್ಲ. ಕೆರೆ ಕೆಟ್ಟರೆ ಊರು ಕೆಡುತ್ತಿತ್ತು. ಕಾಲರಾ ಎಂದರೆ ವಾಂತಿಭೇದಿ, ಟೈಫಾಯ್ಡ್ ಎಂದರೆ ವಿಷಮಶೀತಜ್ವರ, ಇವು ನೀರಿನ ಮೂಲಕವೇ ಮನೆ ಹೊಕ್ಕ ರೋಗಗಳು.

ನೀರಿನಿಂದಲ್ಲದೆ ಇಲಿಯ ಚಿಗಟದಿಂದ ಬಂದ ಮತ್ತೊಂದು ಮಾರಿ ಪ್ಲೇಗು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಹಾಹಾಕಾರವೆಬ್ಬಿಸಿತು. ವಾಲ್ದೆಮಾರ್ ಹಾಫ್ಕಿನ್ ಎಂಬ ವಿಜ್ಞಾನಿ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿ, ಮೊದಲು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ ಲಸಿಕೆಯನ್ನು ಹುಬ್ಬಳ್ಳಿಯ ಬಹುಪಾಲು ಜನರಿಗೆ ಹಾಕಲಾಯಿತು. ಆ ಕಾಲದ ಅತಿ ದೊಡ್ಡ ಲಸಿಕಾ ಕಾರ್ಯಗಳಲ್ಲಿ ಅದೊಂದು.

ಆ ಲಸಿಕೆಯಲ್ಲಿದ್ದುದು ಕಾಯಿಸಿ ಕೊಂದ ಪ್ಲೇಗಿನ ರೋಗಾಣುಗಳು. ಸತ್ತ ರೋಗಾಣು ರೋಗ ತರಲಾರದು. ಆದರೆ ಶತ್ರುವಿನ ಚಹರೆಯನ್ನು ದೇಹಕ್ಕೆ ತೋರಿಸಿಕೊಡಬಲ್ಲದು. ರೋಗವನ್ನು ಗೆಲ್ಲುವ ಕೊನೆಯ ಶಕ್ತಿ ದೇಹದೊಳಗೇ ಇದೆ ಎಂಬ ತತ್ತ್ವ ನಮ್ಮ ಜಿಲ್ಲೆಯ ನೆಲದಲ್ಲಿ ಹೀಗೆ ಕಣ್ಣಿಗೆ ಕಂಡಿತು. ಫೇಜುಗಳ ಕಥೆಯಲ್ಲಿ ಈ ತತ್ತ್ವ ಮತ್ತೆ ಮತ್ತೆ ನಮಗೆದುರಾಗುವುದರಿಂದ ಇದನ್ನು ನೆನಪಿನಲ್ಲಿಡಬೇಕು.

ಫೇಜ್ ಎಂದರೇನು?

ಮನುಷ್ಯನ ಕರುಳಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾವನ್ನು ಆಶ್ರಯಿಸುವ, ಟಿ-4 ಎಂಬ ಹೆಸರಿನ ಫೇಜನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಅದರ ಉದ್ದ ಒಂದು ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಭಾಗ. ಮೇಲೆ ಹಲವು ಮುಖಗಳ ಹರಳಿನಂತಹ ತಲೆ, ಅದರೊಳಗೆ ಸುತ್ತಿಟ್ಟ ಡಿ.ಎನ್.ಎ. ಎಳೆ, ಕೆಳಗೆ ನಳಿಕೆಯಂತಹ ಬಾಲ, ಬಾಲದ ತುದಿಯಲ್ಲಿ ಜೇಡನ ಕಾಲುಗಳಂತಹ ತಂತುಗಳು ಇವೆ. ಈ ತಂತುಗಳು ಬ್ಯಾಕ್ಟೀರಿಯಾದ ಮೈಮೇಲೆ ತನಗೆ ತಕ್ಕ ಗುರುತನ್ನು ಹುಡುಕುತ್ತವೆ. ಗುರುತು ಸಿಕ್ಕಿದೊಡನೆ ಬಾಲ ಸಂಕೋಚಗೊಂಡು ಡಿ.ಎನ್.ಎ.ಯನ್ನು ಒಳಗೆ ನೂಕುತ್ತದೆ. ಅಂದಿನಿಂದ ಆ ಬ್ಯಾಕ್ಟೀರಿಯಾ ತನ್ನ ಮನೆಯಲ್ಲಿಯೇ ಆಳಾಗಿ ದುಡಿಯಬೇಕಾಗುತ್ತದೆ. ಅನುಕೂಲ ಸ್ಥಿತಿಯಲ್ಲಿ ಸುಮಾರು ಅರ್ಧ ಗಂಟೆಯೊಳಗೆ ನೂರಕ್ಕೂ ಮೇಲ್ಪಟ್ಟು ಹೊಸ ಫೇಜುಗಳು ಅದರೊಳಗೆ ರೂಪುಗೊಂಡು, ಅದರ ಗೋಡೆಯನ್ನೊಡೆದು ಹೊರಬೀಳುತ್ತವೆ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದಾಗಿ, ಫೇಜ್ ಕೀಲಿಗೆ ತಕ್ಕ ಬೀಗವನ್ನು ಮಾತ್ರ ತೆರೆಯುತ್ತದೆ. ಕಾಲರಾದ ಫೇಜ್ ಟೈಫಾಯ್ಡಿನ ರೋಗಾಣುವನ್ನು ಮುಟ್ಟದು. ಮನುಷ್ಯನ ಜೀವಕೋಶವನ್ನಂತೂ ಅದು ತನ್ನ ಮನೆ ಮಾಡಿಕೊಳ್ಳಲಾರದು. ಎರಡನೆಯದಾಗಿ, ಔಷಧ ಕೊಟ್ಟಷ್ಟೇ ಇರುತ್ತದೆ, ಇಲ್ಲವೆ ಕಡಿಮೆಯಾಗುತ್ತದೆ. ಫೇಜ್ ಶತ್ರುವಿರುವಲ್ಲಿ ತಾನೇ ಬೆಳೆದು, ಶತ್ರು ಮುಗಿದಂತೆ ತಾನೂ ಕ್ಷೀಣಿಸುತ್ತದೆ. ಕೆರೆಯ ನೀರಿನ ಒಂದು ಮಿಲಿಲೀಟರಿನಲ್ಲಿ ಬ್ಯಾಕ್ಟೀರಿಯಾಗಳು ಲಕ್ಷಗಟ್ಟಲೆ ಇದ್ದರೆ ಫೇಜುಗಳು ಸಾಮಾನ್ಯವಾಗಿ ಅದರ ಹಲವು ಪಟ್ಟು ಇರುತ್ತವೆ. ನಾವು ದಿನವೂ ಅವುಗಳನ್ನು ಕುಡಿಯುತ್ತೇವೆ, ಉಣ್ಣುತ್ತೇವೆ, ಉಸಿರಾಡುತ್ತೇವೆ.

ಭಾರತದ ನೆಲದಲ್ಲಿ ನಡೆದ ಪ್ರಯೋಗಗಳು

ಈ ವಿದ್ಯೆಯ ಮೊದಲ ಸುಳಿವು ದೊರೆತದ್ದು ನಮ್ಮ ದೇಶದಲ್ಲಿಯೇ ಎಂಬುದು ಸಂತೋಷದ ಸಂಗತಿ. ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ವಿಜ್ಞಾನಿ 1896ರಲ್ಲಿ ಗಂಗಾ ಮತ್ತು ಯಮುನಾ ನದಿಗಳ ನೀರು ಕಾಲರಾ ರೋಗಾಣುಗಳನ್ನು ಕೆಲವೇ ಗಂಟೆಗಳಲ್ಲಿ ನಾಶಪಡಿಸುತ್ತದೆಂದೂ, ಕುದಿಸಿದ ನೀರಿಗೆ ಆ ಗುಣವಿರುವುದಿಲ್ಲವೆಂದೂ ಪ್ರಕಟಿಸಿದನು. ಅವನು ಕಂಡದ್ದು ಫೇಜುಗಳ ಕಾರ್ಯವೇ ಅಥವಾ ಬೇರೆ ರಾಸಾಯನಿಕ ಕಾರಣವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. 1915ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟ್, 1917ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ಡಿ'ಹೆರೆಲ್ ಇದನ್ನು ಪ್ರತ್ಯೇಕವಾಗಿ ಕಂಡುಹಿಡಿದರು. ಬ್ಯಾಕ್ಟೀರಿಯೋಫೇಜ್ ಎಂಬ ಹೆಸರು ಡಿ'ಹೆರೆಲ್‌ನದು.

1925ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ನಾಲ್ವರು ಪ್ಲೇಗು ರೋಗಿಗಳ ಗಡ್ಡೆಗೆ ಫೇಜನ್ನು ಚುಚ್ಚಿ ಅವರು ಗುಣಹೊಂದಿದ್ದನ್ನು ಡಿ'ಹೆರೆಲ್ ವರದಿ ಮಾಡಿದನು. ಮುಂದೆ 1927ರಲ್ಲಿ ಅವನು ಭಾರತದಲ್ಲಿ ಕಾಲರಾದ ಮೇಲೆ ಕೆಲಸ ಮಾಡಿದನು. ಕಲಕತ್ತೆಯ ಕ್ಯಾಂಪ್‌ಬೆಲ್ ಆಸ್ಪತ್ರೆಯಲ್ಲಿಯೂ ಪಂಜಾಬಿನ ಹಳ್ಳಿಗಳಲ್ಲಿಯೂ ರೋಗಿಗಳಿಗೆ ಫೇಜನ್ನು ಕುಡಿಸಲಾಯಿತು. ಹಳ್ಳಿಗಳ ಬಾವಿಗಳಿಗೂ ಅದನ್ನು ಸುರಿಯಲಾಯಿತು. ಚಿಕಿತ್ಸೆ ಪಡೆದವರಲ್ಲಿ ಸಾವು ಬಹಳ ಕಡಿಮೆಯೆಂದು ಅವನ ವರದಿ ಹೇಳಿತು. ಅನಂತರ ಅಸ್ಸಾಮಿನ ನೌಗಾಂವ್ ಪ್ರದೇಶದಲ್ಲಿ ಶಿಲ್ಲಾಂಗಿನ ಪಾಶ್ಚರ್ ಸಂಸ್ಥೆಯ ಮಾರಿಸನ್ ಫೇಜನ್ನು ಜನರಿಗೆ ವ್ಯಾಪಕವಾಗಿ ಹಂಚಿಸಿ, ಹಂಚದೆ ಬಿಟ್ಟ ಹಬೀಬ್‌ಗಂಜ್ ಪ್ರದೇಶದೊಡನೆ ಹೋಲಿಸಿ ನೋಡಿದನು. ಮುಂಬಯಿಯ ಹಾಫ್ಕಿನ್ ಸಂಸ್ಥೆಯ ವಿಜ್ಞಾನಿಗಳು 1930ರ ದಶಕದ ಆರಂಭದಲ್ಲಿ ಪ್ಲೇಗಿನ ಮೇಲೆ ಫೇಜ್ ಚಿಕಿತ್ಸೆಯನ್ನು ಪರೀಕ್ಷಿಸಿದರು.

ಇಷ್ಟೆಲ್ಲ ನಡೆದರೂ ಫೇಜ್ ಚಿಕಿತ್ಸೆ ಏಕೆ ನೆಲೆಯೂರಲಿಲ್ಲ? ಅಂದಿನ ಪ್ರಯೋಗಗಳಲ್ಲಿ ಹೋಲಿಕೆಯ ಶಿಸ್ತು ಸಾಲದಾಗಿತ್ತು. ಪಂಜಾಬಿನಲ್ಲಿ ಚಿಕಿತ್ಸೆಗೆ ಒಪ್ಪದವರನ್ನೇ ಹೋಲಿಕೆಯ ಗುಂಪಾಗಿ ಎಣಿಸಲಾಯಿತು. ಒಪ್ಪಿದವರೂ ಒಪ್ಪದವರೂ ಬೇರೆ ಎಲ್ಲ ವಿಷಯಗಳಲ್ಲಿ ಸಮಾನರಾಗಿದ್ದರೆಂದು ಹೇಳುವುದು ಹೇಗೆ? ಫೇಜಿನ ದ್ರವವನ್ನು ಶುದ್ಧಗೊಳಿಸುವ ವಿಧಾನವೂ ಆಗ ಬೆಳೆದಿರಲಿಲ್ಲ. ಅದರಲ್ಲಿ ಸೇರಿರುತ್ತಿದ್ದ ಒಡೆದ ಬ್ಯಾಕ್ಟೀರಿಯಾದ ಚೂರುಗಳೇ ಲಸಿಕೆಯಂತೆ ದೇಹವನ್ನು ಎಚ್ಚರಿಸಿ ರೋಗ ಗುಣಪಡಿಸಿರಬಹುದೆಂದು 1934ರಲ್ಲಿ ಅಮೆರಿಕೆಯ ಪರಿಶೀಲಕರು ಆಕ್ಷೇಪವೆತ್ತಿದರು. ಅಷ್ಟರಲ್ಲಿ ಸಲ್ಫಾ ಔಷಧಗಳೂ ಆಮೇಲೆ ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್‌ಗಳೂ ಬಂದವು. 1970ರ ಸುಮಾರಿಗೆ ಢಾಕಾದಲ್ಲಿ ಶಿಸ್ತಿನಿಂದ ನಡೆದ ಪರೀಕ್ಷೆಗಳಲ್ಲಿ ಕಾಲರಾ ರೋಗಿಗಳಿಗೆ ಫೇಜಿಗಿಂತ ಟೆಟ್ರಾಸೈಕ್ಲಿನ್ ಹೆಚ್ಚು ಗುಣಕಾರಿಯೆಂದು ಕಂಡಿತು. 1923ರಲ್ಲಿ ಜಾರ್ಜ್ ಎಲಿಯಾವಾ ಕಟ್ಟಿದ, ಜಾರ್ಜಿಯಾ ದೇಶದ ಟ್ಬಿಲಿಸಿಯ ಸಂಸ್ಥೆಯಲ್ಲಿ ಈ ವಿದ್ಯೆ ಎಡೆಬಿಡದೆ ಉಳಿದುಬಂದಿತು. ಎಲಿಯಾವಾ ಸ್ವತಃ 1937ರಲ್ಲಿ ಸ್ಟಾಲಿನ್ನನ ಆಡಳಿತದ ಗುಂಡಿಗೆ ಬಲಿಯಾದನು.

ದೇಹ ಫೇಜನ್ನು ಹೇಗೆ ಕಾಣುತ್ತದೆ?

1934ರ ಆಕ್ಷೇಪದಲ್ಲಿ ಅಡಗಿದ್ದ ಪ್ರಶ್ನೆ ಗಂಭೀರವಾದುದು. ರೋಗವನ್ನು ಗೆದ್ದದ್ದು ಫೇಜೋ, ದೇಹವೋ? ಈಚಿನ ಸಂಶೋಧನೆಗಳು ಕೊಡುವ ಉತ್ತರವೆಂದರೆ, ಬಹುಮಟ್ಟಿಗೆ ಇಬ್ಬರೂ ಕೂಡಿ.

2017ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಇಲಿಗಳ ಶ್ವಾಸಕೋಶಕ್ಕೆ ಸೂಡೊಮೊನಾಸ್ ಎಂಬ ಹಟಮಾರಿ ಬ್ಯಾಕ್ಟೀರಿಯಾವನ್ನು ಸೋಂಕಿಸಿ, ಬಳಿಕ ಫೇಜನ್ನು ಕೊಡಲಾಯಿತು. ಆರೋಗ್ಯವಂತ ಇಲಿಗಳು ಚೇತರಿಸಿಕೊಂಡವು. ರಕ್ತದಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿಯ ಕಣಗಳಿಲ್ಲದ ಇಲಿಗಳಲ್ಲಿ ಅದೇ ಫೇಜ್ ಸೋತಿತು. ಕಾರಣ ಸ್ಪಷ್ಟವಾಗಿದೆ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಮೈಮೇಲಿನ ಗುರುತನ್ನು ಬದಲಿಸಿಕೊಂಡು ಫೇಜಿನ ಕಣ್ಣು ತಪ್ಪಿಸುತ್ತವೆ. ಹಾಗೆ ತಪ್ಪಿಸಿಕೊಂಡವನ್ನು ನುಂಗಿಹಾಕುವ ಬಿಳಿಯ ಕಣಗಳಿದ್ದರೆ ರೋಗ ಅಲ್ಲಿಗೆ ಮುಗಿಯುತ್ತದೆ. ಇಲ್ಲದಿದ್ದರೆ ಆ ಕೆಲವೇ ಮತ್ತೆ ಕೋಟಿಯಾಗುತ್ತವೆ. ಫೇಜ್ ಪೈರು ಕೊಯ್ಯುವ ಕುಡುಗೋಲಿನಂತೆ. ಉಳಿದ ಕೂಳೆಯನ್ನು ಕಿತ್ತು ಹೊಲ ಹಸನುಮಾಡಬೇಕಾದವನು ಒಕ್ಕಲಿಗನೇ.

ಆದರೆ ದೇಹಕ್ಕೆ ಫೇಜ್ ಕೂಡ ಪರಕೀಯ ವಸ್ತುವೇ. ರಕ್ತಕ್ಕೆ ಸೇರಿದ ಫೇಜಿನ ವಿರುದ್ಧವೂ ಅದು ಪ್ರತಿಕಾಯಗಳನ್ನು ಸೃಷ್ಟಿಸುತ್ತದೆ. ಈ ಗುಣ ಎಷ್ಟು ನಿಶ್ಚಿತವೆಂದರೆ ಫೈ-ಎಕ್ಸ್-174 ಎಂಬ ನಿರಪಾಯಕಾರಿ ಫೇಜನ್ನು ರಕ್ತಕ್ಕೆ ಕೊಟ್ಟು, ಪ್ರತಿಕಾಯಗಳು ಹುಟ್ಟುವವೋ ಇಲ್ಲವೋ ಎಂದು ನೋಡಿ, ಹುಟ್ಟಿನಿಂದಲೇ ರಕ್ಷಣಾಶಕ್ತಿ ಕುಂದಿದ ಮಕ್ಕಳನ್ನು ಗುರುತಿಸುವ ಪದ್ಧತಿ ವೈದ್ಯರಲ್ಲಿ ಬಳಕೆಗೆ ಬಂದಿತು.

ಇದರ ಪರಿಣಾಮ ಎರಡು ರೋಗಿಗಳ ವೃತ್ತಾಂತದಿಂದ ಮನದಟ್ಟಾಗುತ್ತದೆ. ಎರಡೂ ಶ್ವಾಸಕೋಶಗಳನ್ನು ಬದಲಿಸಿಕೊಂಡಿದ್ದ 15 ವರ್ಷದ ಬ್ರಿಟಿಷ್ ಬಾಲಕಿಯೊಬ್ಬಳಿಗೆ, ಕ್ಷಯದ ರೋಗಾಣುವಿನ ದಾಯಾದಿಯಾದ ಒಂದು ಬ್ಯಾಕ್ಟೀರಿಯಾ ಮೈಯೆಲ್ಲ ಹರಡಿ ಯಾವ ಔಷಧಕ್ಕೂ ಬಗ್ಗದೆ ಹೋಗಿತ್ತು. ಅವಳಿಗೆ ಮೂರು ಫೇಜುಗಳ ಮಿಶ್ರಣವನ್ನು ಕೊಟ್ಟಾಗ ಹುಣ್ಣುಗಳು ಮಾಯತೊಡಗಿ ಅವಳು ಚೇತರಿಸಿಕೊಂಡಳೆಂದು 2019ರಲ್ಲಿ ವರದಿಯಾಯಿತು. ಅದೇ ಮಿಶ್ರಣವನ್ನು 81 ವರ್ಷದ ಮತ್ತೊಬ್ಬ ರೋಗಿಗೆ ಕೊಟ್ಟಾಗ ಮೊದಲು ರೋಗಾಣುಗಳು ತಗ್ಗಿದವು. ಎರಡು ತಿಂಗಳಾಗುವಷ್ಟರಲ್ಲಿ ಪ್ರತಿಕಾಯಗಳು ಬಲವಾಗಿ ಹುಟ್ಟಿ ಫೇಜನ್ನೇ ನಿಷ್ಫಲಗೊಳಿಸಿದವು. ಇದು 2021ರ ವರದಿ. ಬಾಲಕಿಯ ರಕ್ಷಣಾಶಕ್ತಿಯನ್ನು, ಹೊಸ ಶ್ವಾಸಕೋಶವನ್ನು ದೇಹ ತಿರಸ್ಕರಿಸದಿರಲೆಂದು, ಔಷಧಗಳಿಂದ ಮೊದಲೇ ತಗ್ಗಿಸಲಾಗಿತ್ತು. ವೃದ್ಧ ರೋಗಿಯ ರಕ್ಷಣಾಶಕ್ತಿ ಎಚ್ಚರವಾಗಿತ್ತು. ಬಿಳಿಯ ಕಣಗಳು ಫೇಜಿಗೆ ನೆರವಾದರೆ ಪ್ರತಿಕಾಯಗಳು ಅದನ್ನು ತಡೆಯಬಲ್ಲವು. ದೇಹದ ರಕ್ಷಣೆ ಒಂದೇ ಆಯುಧವಲ್ಲ, ಅನೇಕ ಅಂಗಗಳ ಸೈನ್ಯ. ಯಾವ ಅಂಗ ಯಾವಾಗ ಎದ್ದು ನಿಲ್ಲುತ್ತದೆಂಬುದನ್ನು ಅರಿತು ಚಿಕಿತ್ಸೆ ಮಾಡುವವನೇ ನಿಪುಣ ವೈದ್ಯ.

ನಮ್ಮ ಕರುಳು ಮತ್ತು ಶ್ವಾಸನಾಳಗಳ ಒಳಗೋಡೆಯ ಲೋಳೆಯಲ್ಲಿ ಫೇಜುಗಳು ಅಂಟಿಕೊಂಡಿದ್ದು, ಅಲ್ಲಿಗೆ ಬರುವ ಬ್ಯಾಕ್ಟೀರಿಯಾಗಳನ್ನು ಎದುರಿಸುತ್ತವೆಂದು 2013ರಲ್ಲಿ ಅಮೆರಿಕೆಯ ಸಂಶೋಧಕರು ಸೂಚಿಸಿದರು. ನಾವು ಕರೆಯದೆಯೇ ಬಂದು ನಮ್ಮ ಬಾಗಿಲಲ್ಲಿ ನಿಂತ ಕಾವಲುಗಾರರೆಂದು ಇವುಗಳನ್ನು ಕರೆಯಬಹುದು.

ನಾಣ್ಯದ ಇನ್ನೊಂದು ಮುಖ

ಹಾಗಾದರೆ ಫೇಜುಗಳೆಲ್ಲ ನಮ್ಮ ಮಿತ್ರರೇ? ಅಲ್ಲ. ಕೆಲವು ಫೇಜುಗಳು ಬ್ಯಾಕ್ಟೀರಿಯಾವನ್ನು ಕೊಲ್ಲದೆ, ತಮ್ಮ ಡಿ.ಎನ್.ಎ.ಯನ್ನು ಅದರ ಡಿ.ಎನ್.ಎ.ಯಲ್ಲಿ ಹೆಣೆದು, ಅದರ ವಂಶದೊಡನೆ ತಾವೂ ಬಾಳುತ್ತವೆ. ಹಾಗೆ ಬಾಳುವಾಗ ಅವು ಆತಿಥೇಯನಿಗೆ ಕಾಣಿಕೆಯನ್ನೂ ಕೊಡುವುದುಂಟು. ಆ ಕಾಣಿಕೆ ಎಷ್ಟೋ ಸಲ ವಿಷ.

ಗಂಟಲಮಾರಿ, ಎಂದರೆ ಡಿಫ್ತೀರಿಯಾ, ಮಕ್ಕಳನ್ನು ಕೊಲ್ಲುವುದು ಒಂದು ವಿಷದಿಂದ. ಆ ವಿಷದ ಸೂತ್ರ ಬ್ಯಾಕ್ಟೀರಿಯಾದ ಸ್ವಂತದ್ದಲ್ಲ, ಅದರೊಳಗೆ ಸೇರಿದ ಫೇಜಿನದೆಂಬ ರಹಸ್ಯ 1951ರ ಸಂಶೋಧನೆಯಿಂದ ತಿಳಿಯತೊಡಗಿತು. ಕಾಲರಾದ ಕಥೆಯೂ ಹೀಗೆಯೇ. ಕಾಲರಾ ಕೊಲ್ಲುವುದು ರೋಗಾಣು ಸ್ರವಿಸುವ ವಿಷದ ಮೂಲಕ ಎಂಬುದನ್ನು 1959ರಲ್ಲಿ ಕಲಕತ್ತೆಯ ಶಂಭುನಾಥ ಡೇ ಅವರು ಸಾಮಾನ್ಯ ಉಪಕರಣಗಳಿಂದಲೇ ಸಾಧಿಸಿ ತೋರಿಸಿದರು. ಆ ವಿಷದ ಸೂತ್ರವನ್ನು ರೋಗಾಣುವಿಗೆ ತಂದುಕೊಡುವುದು ಒಂದು ಫೇಜ್ ಎಂಬುದು 1996ರಲ್ಲಿ ಗೊತ್ತಾಯಿತು. ಕಾಲರಾವನ್ನು ನೀಗಲೆಂದು ಡಿ'ಹೆರೆಲ್ ಫೇಜನ್ನು ಬಾವಿಗೆ ಸುರಿದ ನಾಡಿನಲ್ಲಿಯೇ, ಕಾಲರಾವನ್ನು ಕಾಲರಾ ಮಾಡಿದ್ದೂ ಮತ್ತೊಂದು ಫೇಜ್ ಎಂಬುದು ಪ್ರಕೃತಿಯ ವಿಚಿತ್ರವೇ ಸರಿ.

ಇನ್ನೂ ಸೂಕ್ಷ್ಮವಾದ ಮೋಸವೊಂದಿದೆ. ಸೂಡೊಮೊನಾಸ್ ಬ್ಯಾಕ್ಟೀರಿಯಾ ತಂತುರೂಪದ ಒಂದು ಫೇಜನ್ನು ಹೊತ್ತಿರುತ್ತದೆ. ಗಾಯದಲ್ಲಿ ಈ ಫೇಜನ್ನು ಕಂಡ ದೇಹದ ಕಣಗಳು ವೈರಸ್ ದಾಳಿಯಾಯಿತೆಂದು ಭ್ರಮಿಸಿ, ವೈರಸ್ ವಿರೋಧಿ ಕ್ರಮಕ್ಕೆ ತೊಡಗಿ, ಬ್ಯಾಕ್ಟೀರಿಯಾವನ್ನು ನುಂಗುವ ಕೆಲಸದಲ್ಲಿ ಹಿಂದೆ ಬೀಳುತ್ತವೆಂದು 2019ರಲ್ಲಿ ಅಮೆರಿಕೆಯ ಸಂಶೋಧಕರು ತೋರಿಸಿದರು. ಊರ ಮುಂದೆ ಸುಳ್ಳು ಕೂಗೆಬ್ಬಿಸಿ ಕಾವಲುಗಾರರನ್ನು ಅತ್ತ ಕಳಿಸಿ, ಹಿಂಬಾಗಿಲಿನಿಂದ ಮನೆ ಹೊಗುವ ಕಳ್ಳನ ಉಪಾಯ ಇದು.

ಆದ್ದರಿಂದ ಚಿಕಿತ್ಸೆಗೆ ಆರಿಸುವ ಫೇಜ್ ಕೊಲ್ಲುವ ಜಾತಿಯದೇ ಆಗಿರಬೇಕು, ವಿಷದ ಸೂತ್ರವನ್ನು ಹೊತ್ತಿರಬಾರದು, ಶುದ್ಧವಾಗಿರಬೇಕು, ಆ ರೋಗಿಯ ಆ ರೋಗಾಣುವಿಗೆ ತಕ್ಕುದೆಂದು ಮೊದಲೇ ಪರೀಕ್ಷಿಸಿರಬೇಕು. ನದಿಯ ನೀರು ಕುಡಿದರೆ ರೋಗ ವಾಸಿಯಾಗುವುದೆಂಬ ತೀರ್ಮಾನಕ್ಕೆ ಇಲ್ಲಿ ಎಡೆಯೇ ಇಲ್ಲ. ಫೇಜುಗಳು ಹೇರಳವಾಗಿರುವ ನೀರಿನಲ್ಲಿ ಅವುಗಳ ಆಹಾರವಾದ ಬ್ಯಾಕ್ಟೀರಿಯಾಗಳೂ ಇರುತ್ತವೆ.

ಕರ್ನಾಟಕದಲ್ಲಿ ನಡೆದ ಕೆಲಸ

ನಮ್ಮ ರಾಜ್ಯವೂ ಈ ಕ್ಷೇತ್ರದಲ್ಲಿ ಕೈಕಟ್ಟಿ ಕುಳಿತಿಲ್ಲ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಇಡ್ಯಾ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ಅವರ ತಂಡ ಸಿಗಡಿಮರಿಗಳನ್ನು ಕೊಲ್ಲುವ, ಕತ್ತಲೆಯಲ್ಲಿ ಹೊಳೆಯುವ ಒಂದು ಬ್ಯಾಕ್ಟೀರಿಯಾದ ಮೇಲೆ ಫೇಜುಗಳನ್ನು ಪ್ರಯೋಗಿಸಿತು. ಪ್ರತಿಜೈವಿಕ ಔಷಧ ಹಾಕಿದ ತೊಟ್ಟಿಗಳಿಗಿಂತ ಫೇಜ್ ಹಾಕಿದ ತೊಟ್ಟಿಗಳಲ್ಲಿ ಹೆಚ್ಚು ಮರಿಗಳು ಬದುಕಿದುದನ್ನು ಆ ತಂಡ 2007ರಲ್ಲಿ ಪ್ರಕಟಿಸಿತು. ಬೆಂಗಳೂರಿನಲ್ಲಿ ಗಂಗಾಜೆನ್ ಎಂಬ ಸಂಸ್ಥೆ ಇಡಿಯ ಫೇಜಿಗೆ ಬದಲಾಗಿ, ಬ್ಯಾಕ್ಟೀರಿಯಾದ ಗೋಡೆಯನ್ನು ಕೊರೆಯುವ ಫೇಜಿನ ಕಿಣ್ವವನ್ನು ಆಧರಿಸಿ ಪಿ-128 ಎಂಬ ಪ್ರೋಟೀನನ್ನು ರೂಪಿಸಿತು. ಕೀವು ಹುಣ್ಣುಗಳಿಗೆ ಕಾರಣವಾಗುವ ಸ್ಟಫಿಲೊಕಾಕಸ್ ಅದರ ಗುರಿ. ಆದರೂ ಫೇಜ್ ಚಿಕಿತ್ಸೆ ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯ ಚಿಕಿತ್ಸೆಯಾಗಿ ಇನ್ನೂ ನೆಲೆಗೊಂಡಿಲ್ಲವೆಂಬುದನ್ನು ವಾಚಕರು ಮರೆಯಬಾರದು.

ನಾವು ಮಾಡಬೇಕಾದುದು

ಪ್ರತಿಜೈವಿಕಗಳಿಗೆ ಬಗ್ಗದ ರೋಗಾಣುಗಳಿಂದ ನೇರವಾಗಿ 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಮಡಿದರೆಂದು ಅಂದಾಜು ಮಾಡಲಾಗಿದೆ. ಜ್ವರ ಬಂದೊಡನೆ ಅಂಗಡಿಯಿಂದ ಎರಡು ಗುಳಿಗೆ ತಂದು ನುಂಗುವುದು, ತುಸು ಹಗುರವೆನಿಸಿದೊಡನೆ ವೈದ್ಯರು ಹೇಳಿದ ಅವಧಿಗೆ ಮೊದಲೇ ಬಿಟ್ಟುಬಿಡುವುದು, ನೆಗಡಿಗೂ ಅದನ್ನೇ ನುಂಗುವುದು, ಇವು ನಮ್ಮ ಹಳ್ಳಿಗಳಲ್ಲಿ ದಿನನಿತ್ಯ ಕಾಣುವ ನೋಟಗಳು. ಫೇಜುಗಳು ಬರುತ್ತವೆ, ಎಲ್ಲ ಸರಿಹೋಗುತ್ತದೆ ಎಂಬ ಭರವಸೆಯಲ್ಲಿ ಇರುವ ಔಷಧವನ್ನು ಹಾಳುಮಾಡಿಕೊಳ್ಳುವುದು ಹೊಸ ಬಾವಿಯ ಆಸೆಗೆ ಹಳೆಯ ಕೆರೆಯನ್ನು ಒಡೆದಂತೆ.

ಅಧ್ಯಾಪಕರು ಈ ಪಾಠವನ್ನು ಮನೆಯ ಮೊಸರಿನಿಂದಲೇ ಆರಂಭಿಸಬಹುದು. ಡೈರಿಗಳಲ್ಲಿ ಹೆಪ್ಪು ಕೆಡುವುದಕ್ಕೆ ಫೇಜುಗಳು ಒಂದು ಮುಖ್ಯ ಕಾರಣವೆಂದು 1930ರ ದಶಕದಲ್ಲಿಯೇ ತಿಳಿದುಬಂದಿತ್ತು. ಮೊಸರಿನ ಬ್ಯಾಕ್ಟೀರಿಯಾ ತನ್ನನ್ನು ಕಾಡಿದ ಫೇಜಿನ ಡಿ.ಎನ್.ಎ.ಯ ತುಣುಕನ್ನು ಗುರುತಿಗಾಗಿ ಇಟ್ಟುಕೊಂಡು, ಮತ್ತೆ ಬಂದಾಗ ಕತ್ತರಿಸಿಹಾಕುತ್ತದೆಂದು 2007ರಲ್ಲಿ ಪ್ರಯೋಗದಿಂದ ಸಿದ್ಧವಾಯಿತು. ರಕ್ಷಣಾಶಕ್ತಿ ಮನುಷ್ಯನಿಗಷ್ಟೇ ಅಲ್ಲ, ಒಂದೇ ಕೋಶದ ಜೀವಿಗೂ ಉಂಟೆಂಬುದು ಮಕ್ಕಳ ಕುತೂಹಲವನ್ನು ಕೆರಳಿಸದೆ ಇರದು. ಮೇಲೆ ಹೇಳಿದ ಬಾಲಕಿಗೆ ಕೊಟ್ಟ ಮೂರು ಫೇಜುಗಳಲ್ಲಿ ಒಂದನ್ನು 2010ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕೊಳೆತ ಬದನೆಕಾಯಿಯ ಅಡಿಯಿಂದ ಬೇರ್ಪಡಿಸಿ ತೆಗೆಯಲಾಗಿತ್ತು. ನಮ್ಮ ಹಿತ್ತಿಲಿನ ಬದನೆಯ ಬುಡದಲ್ಲಿಯೂ ಇಂತಹ ನಿಧಿ ಇರಬಾರದೇಕೆ? ಹುಡುಕುವ ಕಣ್ಣನ್ನು ಬೆಳೆಸುವುದು ಶಾಲೆಯ ಕೆಲಸ. ರೋಗಾಣುಗಳನ್ನು ಬೆಳೆಸುವ ಪ್ರಯೋಗ ಮಾತ್ರ ಶಾಲೆಯಲ್ಲಿ ಸಲ್ಲದು.

ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ವಿದ್ಯಾರ್ಥಿನಿಲಯಕ್ಕೆ ಶುದ್ಧ ನೀರು, ಶೌಚಾಲಯದ ಬಳಿ ಸಾಬೂನು, ಪ್ರಯೋಗಾಲಯಕ್ಕೆ ಒಂದು ಒಳ್ಳೆಯ ಸೂಕ್ಷ್ಮದರ್ಶಕ ಇವು ಕಟ್ಟಡದಷ್ಟು ಕಣ್ಣಿಗೆ ಕಾಣದಿದ್ದರೂ ಕಟ್ಟಡಕ್ಕಿಂತ ಹೆಚ್ಚು ಜೀವಗಳನ್ನು ಕಾಯುವ ದಾನಗಳು. ಗಂಟಲಮಾರಿಯ ಲಸಿಕೆಯನ್ನು ಪ್ರತಿಯೊಂದು ಮಗುವೂ ಕಾಲಕಾಲಕ್ಕೆ ಪಡೆಯುವಂತೆ ನೋಡಿಕೊಳ್ಳುವುದು ತಂದೆತಾಯಿಗಳ ಕರ್ತವ್ಯ. ಫೇಜ್ ತಂದುಕೊಟ್ಟ ವಿಷವನ್ನು ಗೆಲ್ಲುವ ಶಕ್ತಿಯನ್ನು ದೇಹಕ್ಕೆ ಕೊಡುವುದು ಆ ಲಸಿಕೆಯೇ.

ಎರಡನೆಯ ಮುಳ್ಳು ಇಂದಲ್ಲ ನಾಳೆ ನಮ್ಮ ವೈದ್ಯರ ಕೈಗೆ ಬಂದೀತು. ಅದು ಬರಲಿ. ಆದರೆ ಗಾಯ ಮಾಯಿಸುವ ದೇಹವನ್ನು ಒಳ್ಳೆಯ ಆಹಾರ, ನಿರ್ಮಲವಾದ ನೀರು, ಸಕಾಲದ ಲಸಿಕೆಗಳಿಂದ ಬಲಪಡಿಸಿಟ್ಟುಕೊಂಡವನಿಗೆ ಮಾತ್ರ ಆ ಮುಳ್ಳು ಸಂಪೂರ್ಣವಾಗಿ ಉಪಯೋಗಕ್ಕೆ ಬರುತ್ತದೆ.